ಪ್ರೇಮಾವತಿಯವರು ಕೈಬಿಟ್ಟ ನಲವತ್ತೊಂದು ಕ್ಯಾನುಗಳು

ಬಾಗಿಲಿನಿಂದ ಒಂದೂವರೆ ಮೀಟರ್ ದೂರ ನಿಂತು ಡಾ. ಪ್ರೇಮಾವತಿಯವರು ಕ್ಯಾನಿನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡುತ್ತಿದ್ದರು. ಅದರಲ್ಲಿ ಗಿರಿಜಮ್ಮನವರ ಇಪ್ಪತ್ತನಾಲ್ಕು ಗಂಟೆಯ ಮೂತ್ರವಿತ್ತು.

"ನಿನ್ನೆ ಇಡೀ ದಿನ ಸಾರಿಗೂ ಉಪ್ಪು ಹಾಕಿಲ್ಲ ಡಾಕ್ಟ್ರೇ," ಎಂದರು ಗಿರಿಜಮ್ಮ ಹೊಸ್ತಿಲಲ್ಲಿ ನಿಂತು. "ನಮ್ಮ ಯಜಮಾನ್ರು ಮುಖ ಊದಿಸ್ಕೊಂಡೇ ಉಂಡ್ರು. ನೀವು ಇಷ್ಟು ದೂರ ಬರ್ತೀರಿ, ನಿಮ್ಮ ರಿಪೋರ್ಟ್ ಚೆನ್ನಾಗಿ ಬರ್ಬೇಕಲ್ವಾ?"

ಮುಚ್ಚಳದ ಮೇಲಿನ ಕೈ ಅಲ್ಲೇ ನಿಂತಿತು. "ಬೇರೆಯವರೂ ಹೀಗೇ ಮಾಡ್ತಾರಾ?"

"ಮಾಡ್ದೆ ಇರ್ತಾರಾ? ವಾಟ್ಸಾಪ್ ಗುಂಪಲ್ಲಿ ಎಲ್ರಿಗೂ ನಾನೇ ಹೇಳಿದ್ನಲ್ಲ."

ಅದು 2021ರ ಮಾರ್ಚ್, ನೆದರ್ಲೆಂಡ್ಸಿನ ಜೂಟರ್‌ಮೀರ್ ಊರು. ಉಡುಪಿಯಿಂದ ಬಂದು ಮೂವತ್ತೊಂದು ವರ್ಷ ಹತ್ತಿರದ ಲೈಡನ್ ವಿಶ್ವವಿದ್ಯಾಲಯದಲ್ಲಿ ದುಡಿದ ಪ್ರೇಮಾವತಿಯವರಿಗೆ ಅದು ಕೊನೆಯ ಅಧ್ಯಯನ, ಅಕ್ಟೋಬರಿನಲ್ಲಿ ನಿವೃತ್ತಿ. ಏರಿದ ರಕ್ತದೊತ್ತಡ ಮೂತ್ರಪಿಂಡವನ್ನು ಸದ್ದಿಲ್ಲದೆ ಸವೆಸುತ್ತದೆ, ಸವೆದ ಮೂತ್ರಪಿಂಡ ಒತ್ತಡವನ್ನು ಮತ್ತಷ್ಟು ಏರಿಸುತ್ತದೆ. ಈ ಸುತ್ತಿನಲ್ಲಿ ಅಡುಗೆಮನೆಯ ಉಪ್ಪಿನ ಪಾಲೆಷ್ಟು ಎಂಬುದೇ ಅವರ ಜೀವಮಾನದ ಪ್ರಶ್ನೆ. ಐದು ನಿಮಿಷ ಮಾತಿಲ್ಲದೆ ಕೂರಿಸದೆ ಅವರು ಯಾರ ತೋಳಿಗೂ ಒತ್ತಡ ಅಳೆಯುವ ಪಟ್ಟಿ ಸುತ್ತಿದವರಲ್ಲ. ತಿಂದ ಉಪ್ಪಿನ ಲೆಕ್ಕ ಸಿಗುವುದು ಇಡೀ ದಿನದ ಮೂತ್ರದಲ್ಲಿ. ಕೊರೊನಾದಿಂದಾಗಿ ಯಾರೂ ಪ್ರಯೋಗಾಲಯಕ್ಕೆ ಬರುವಂತಿರಲಿಲ್ಲವಾದ್ದರಿಂದ, ನಲವತ್ತೊಂದು ಕನ್ನಡ ಮನೆಗಳಿಗೆ ತಾವೇ ಹೋಗಿ ಕ್ಯಾನು ತರುತ್ತಿದ್ದರು. ಸಿಕ್ಕ ಉತ್ತರ ಬೆರಗಿನದು: ಒತ್ತಡ ಹೆಚ್ಚು, ಉಪ್ಪು ತೀರಾ ಕಡಿಮೆ. ವಿಭಾಗವೆಲ್ಲ ಹಿಗ್ಗಿತ್ತು.

ತಪ್ಪು ಗಿರಿಜಮ್ಮನವರದಲ್ಲ, ತನ್ನದೇ ಎಂದು ಪ್ರೇಮಾವತಿಯವರಿಗೆ ರೈಲಿನಲ್ಲೇ ಹೊಳೆಯಿತು. ಹೇಳದೆ ಯಾರ ಮನೆಗೂ ಹೋಗಬಾರದೆಂದು ಕಲಿತು ಬೆಳೆದವರು ಅವರು. ಪ್ರತಿ ಮನೆಗೂ ವಾರ ಮೊದಲೇ ಫೋನ್ ಮಾಡಿ ದಿನ ತಿಳಿಸಿದ್ದರು. ಆ ಮನೆಗಳು ಡಾಕ್ಟರ ಮರ್ಯಾದೆ ಉಳಿಸಲು ಒಂದು ದಿನ ಸಪ್ಪೆ ಉಂಡಿದ್ದವು.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಮಂಗಳೂರಿನ ವಿಖ್ಯಾತ್ ಸುದ್ದಿ ಕೇಳಿ ತಲೆಯ ಮೇಲೆ ಕೈಹೊತ್ತು ಕೂತ. "ಒಂದು ವರ್ಷ ಹೋಯ್ತಲ್ಲ ಮೇಡಂ. ಈಗ ಎಂತ ಮಾಡುದು?"

"ಎಂತ ಮಾಡುದು ಅಂದ್ರೆ? ಪುನಃ ತರುದು ಮಾರಾಯ."

ದಿನ ಮೊದಲೇ ತಿಳಿಸಿದ ತಪ್ಪು ತನ್ನದು, ವಿದ್ಯಾರ್ಥಿಯದಲ್ಲ ಎಂದು ವಿಶ್ವವಿದ್ಯಾಲಯಕ್ಕೆ ಬರೆದು, ಅವನಿಗೆ ಇನ್ನೂ ಒಂದು ವರ್ಷದ ಗಡುವು ಕೊಡಿಸಿದರು. ಆಮೇಲೆ ಕ್ಯಾನುಗಳನ್ನು ಮೊದಲೇ ಹಂಚಿಟ್ಟು, ಯಾವ ದಿನ ಎಂಬುದನ್ನು ಆ ಬೆಳಿಗ್ಗೆಯಷ್ಟೇ ತಿಳಿಸುವ ಕ್ರಮ ಶುರುವಾಯಿತು.

"ಹಾಗಾದ್ರೆ ಉಪ್ಪಿನಕಾಯಿ?" ಗಿರಿಜಮ್ಮನವರ ಅನುಮಾನ.

"ದಿನಾ ತಿನ್ನುವಷ್ಟೇ ತಿನ್ನಿ."

"ಅಷ್ಟು ತಿಂದ್ರೆ ನೀವು ಬೈತೀರಿ."

"ಬೈಯುದು ಆಮೇಲೆ."

ಅಕ್ಟೋಬರ್ ಬಂದಾಗ ಅರ್ಧ ಮನೆಗಳಷ್ಟೇ ಮುಗಿದಿದ್ದವು. ದೂರದೂರ ಹಾಕಿದ ಕುರ್ಚಿಗಳಲ್ಲಿ ಕೂತ ಸಹೋದ್ಯೋಗಿಗಳೆಲ್ಲ ಬೀಳ್ಕೊಡುಗೆಯ ದಿನ ಅವರಿಗೆ ನೂರು ವರ್ಷದ ಆಯುಸ್ಸನ್ನೂ, ನಿವೃತ್ತಿಯಲ್ಲೂ ಬಿಡುವು ಕೊಡದಷ್ಟು ಕೆಲಸವನ್ನೂ ಹಾರೈಸಿದರು. ಅವರ ಗೌರವಕ್ಕೆಂದು ತಂದ ಈ ಅಭಿನಂದನ ಸಂಪುಟದ ಹಾರೈಕೆಯೂ ಅದೇ. ಪ್ರೇಮಾವತಿಯವರು ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದಾಗ ವಿಭಾಗದ ಮುಖ್ಯಸ್ಥ ಯೂಸ್ಟ್ ಹತ್ತಿರ ಬಂದರು.

"ಹೊಸ ಅಂಕಿಗಳು ಬರಲು ಇನ್ನೂ ವರ್ಷ ಬೇಕು. ಹಳೆಯವಂತೂ ಇವೆ. ಕೆಳಗೊಂದು ಟಿಪ್ಪಣಿ ಸೇರಿಸಿ, ನಿಮ್ಮ ಹೆಸರು ಮೊದಲು ಹಾಕಿ ಈ ತಿಂಗಳೇ ಪ್ರಕಟಿಸೋಣ. ನಮ್ಮೆಲ್ಲರ ಉಡುಗೊರೆ ಅಂದುಕೊಳ್ಳಿ."

ಪ್ರೇಮಾವತಿಯವರು ಲೋಟ ಕೆಳಗಿಟ್ಟರು.

"ಬೇಡ," ಎಂದರು. "ಅವನ್ನು ಅಚ್ಚು ಮಾಡಬೇಡಿ."