ಆಯುಧಗಳ ಸಾಲಿನಲ್ಲಿ ಅಪ್ಪನ ಮಾತು

ನಮ್ಮಪ್ಪ ಮಂಡ್ಯದ ಬೆಲ್ಲದ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ. ಕೂಗು ಅಂದರೆ ಎಂಥ ಕೂಗು! ಈ ತುದಿಯಲ್ಲಿ ಬಾಯಿ ಬಿಟ್ಟರೆ ಆ ತುದಿಯಲ್ಲಿ ಲಾರಿ ಮೇಲೆ ಮಲಗಿದ್ದ ಹಮಾಲಿ ಎದ್ದು ಕೂರಬೇಕು. ಗಂಟಲಲ್ಲಿ ಗಡ್ಡೆ ಬೆಳೆದು, ಮೈಸೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದಾಗ ಜೀವ ಉಳಿಯಿತು, ಕೂಗು ಹೋಯಿತು. ಕತ್ತಿನಲ್ಲಿ ಒಂದು ತೂತು, ಅದರಿಂದ ಬರೀ ಗಾಳಿ. ಪೆನ್ನು ಪೇಪರು ಕೊಟ್ಟರೆ ಎತ್ತಿ ಎಸೆಯುತ್ತಿದ್ದ. ಕೂಗಿ ಬದುಕಿದ ಮನುಷ್ಯ. ಚೀಟಿ ಬರೆದು ತೋರಿಸುವುದೆಂದರೆ ಅವನಿಗೆ ಬೇಡಿ ತಿಂದ ಹಾಗೆ.

ನಾನು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಕೆರಗೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಅಲ್ಲಿ ನಾವು ಬಳಸುವುದು ಲಿನಕ್ಸ್. ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಪುಕ್ಕಟೆ ಹಂಚಿಕೊಳ್ಳಬಹುದಾದ ವ್ಯವಸ್ಥೆ. ಅದನ್ನೇ ಮನೆಯ ಹಳೇ ಲ್ಯಾಪ್‌ಟಾಪಿಗೆ ಹಾಕಿದೆ. ಸುಮ್ಮನೆ ಹಾಕಿಬಿಟ್ಟರೆ ಅದಕ್ಕೆ ಕನ್ನಡ ಬರುವುದಿಲ್ಲ. ಅಕ್ಷರ ತೋರಿಸಲು ಒಂದು ಪ್ಯಾಕೇಜು, ಕೀಲಿ ಒತ್ತಿದರೆ ಕನ್ನಡ ಮೂಡಲು ಇನ್ನೊಂದು, ಮೂಡಿದ್ದನ್ನು ಗಟ್ಟಿಯಾಗಿ ಓದಲು ಮತ್ತೊಂದು. ಎಲ್ಲೋ ಕೂತ ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಮಾಡಿಟ್ಟ ಧ್ವನಿ ಅದು. ಎಲ್ಲ ಕೂಡಿಸಿ ಅಪ್ಪನ ಮುಂದಿಟ್ಟೆ. ಅಪ್ಪ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ, ನಾನು ತೋರಿಸಿದ ಕೀಲಿ ಒತ್ತಿದ. "ಕಾಪಿಗೆ ಸಕ್ರೆ ಕಮ್ಮಿ" ಅಂದಿತು ಲ್ಯಾಪ್‌ಟಾಪು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಅವ್ವ ಮಾತ್ರ ಹೆದರಿದಳು. ಆ ಧ್ವನಿ ಗಂಡಿನದೂ ಅಲ್ಲ, ಹೆಣ್ಣಿನದೂ ಅಲ್ಲ. ಎಲ್ಲೂ ನಿಲ್ಲುವುದಿಲ್ಲ, ನಗುವುದಿಲ್ಲ.

"ಉಸುರೇ ತಗೊಳ್ದೆ ಮಾತಾಡ್ತದಲ್ಲೇ. ಉಸುರಿಲ್ದೆ ಮಾತಾಡೋದು ಏನು ಅಂತ ಗೊತ್ತೇನೆ ನಿಂಗೆ?"

"ಸುಮ್ನಿರವ್ವ" ಅಂದೆ. ಆದರೆ ಒಬ್ಬಳೇ ಇದ್ದಾಗ ಆ ಧ್ವನಿ ಪಕ್ಕದ ಕೋಣೆಯಿಂದ ನನ್ನ ಕರೆದರೆ ನನಗೂ ಎದೆ ಧಸಕ್ಕೆನ್ನುತ್ತಿತ್ತು.

ಆ ವರ್ಷ ದಸರೆಗೆ ಮುಂಚೆ ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ನನಗೆ ಮಳವಳ್ಳಿ ಕಡೆಯ ಸಂಬಂಧ ತಂದ. ಅಕ್ಕಿ ಗಿರಣಿ, ನೀರಾವರಿ ಜಮೀನು, ಎರಡಂತಸ್ತಿನ ಮನೆ. ನೋಡಲು ಬಂದ ದಿನವೇ ಹುಡುಗನ ಅಪ್ಪ ಕಾಲು ನೀಡಿ ಕೂತು, "ಮದ್ವೆ ಆದ್ಮೇಲೆ ಕೆಲ್ಸ ಗಿಲ್ಸ ಏನೂ ಬ್ಯಾಡ. ನಮ್ಮನೆ ಎಣ್ಮಕ್ಳು ಬಸ್ಸು ಅತ್ತಲ್ಲ" ಅಂದರು. ಹುಡುಗ ಫೋನಿನಿಂದ ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಬೇಡವೇ ಬೇಡ ಅಂತ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿದೆ.

ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ನಾನು ಬೇಡ ಅಂದರೆ ಚಿಕ್ಕಪ್ಪನದು ನೂರೆಂಟು ಪ್ರಶ್ನೆ: ಯಾಕೆ, ಯಾರಾದ್ರೂ ಇದ್ದಾನಾ, ಓದ್ಸಿದ್ದೇ ತಪ್ಪಾಯ್ತು. ಅಪ್ಪ ಬೇಡ ಅಂದರೆ ಯಾರೂ ತುಟಿ ಬಿಚ್ಚುವಂತಿಲ್ಲ. ಅಪ್ಪ ಅನ್ನುತ್ತಾನೆ ಅಂತ ನಂಬಿದ್ದೆ. ಅವನು ಏನು ಯೋಚಿಸುತ್ತಿದ್ದಾನೆಂದು ನಾನು ಕೇಳಲಿಲ್ಲ, ಅವನೂ ನನ್ನ ಕೇಳಲಿಲ್ಲ. ನಮ್ಮ ಕಡೆ ಅಪ್ಪ ಮಗಳು ಇಂಥ ಮಾತು ಎದುರೆದುರು ಕೂತು ಆಡುವುದಿಲ್ಲ.

ವಿಜಯದಶಮಿ ದಿನ ವೀಳ್ಯ ಅಂತ ಚಿಕ್ಕಪ್ಪ ಗೊತ್ತು ಮಾಡಿಕೊಂಡು ಬಂದ. ವೀಳ್ಯದ ದಿನ ಊರ ಯಜಮಾನರು ಎಲ್ಲರ ಮುಂದೆ "ಹೆಣ್ಣು ಕೊಟ್ಟೇನಪ್ಪಾ?" ಅಂತ ಮೂರು ಸಲ ಕೇಳುತ್ತಾರೆ. ಹೆಣ್ಣಿನ ಅಪ್ಪ "ಕೊಟ್ಟೋ" ಅಂತ ಬಾಯಿಂದ ಹೇಳಬೇಕು. ಆಮೇಲೆ ತಾಂಬೂಲದ ತಟ್ಟೆ ಬದಲಾಯಿತು ಅಂದರೆ ಮುಗಿಯಿತು, ಮದುವೆ ಅರ್ಧ ಆದ ಹಾಗೆ. ಚಿಕ್ಕಪ್ಪ ದಿನ ಹೇಳಿದಾಗ ಅಪ್ಪ ಬಹಳ ಹೊತ್ತು ಕುಟ್ಟಿದ. "ಬರ್ಲಿ. ಎಲ್ರ ಮುಂದೆ ಯೋಳ್ತೀನಿ" ಅಂದಿತು ಧ್ವನಿ. ಚಿಕ್ಕಪ್ಪ ಅದನ್ನು ಒಪ್ಪಿಗೆ ಅಂದುಕೊಂಡ. ನಾನು ಬೇಡ ಅನ್ನುತ್ತಾನೆ ಅಂದುಕೊಂಡೆ. ಧ್ವನಿಯಲ್ಲಿ ಎರಡೂ ಇರಲಿಲ್ಲ.

ಕೆಲವು ದಿನದಿಂದ ಲ್ಯಾಪ್‌ಟಾಪು ಪದದ ನಡುವೆ ನಿಂತುಬಿಡುತ್ತಿತ್ತು. ಆನ್ ಮಾಡಿದಾಗೆಲ್ಲ ಒಂದು ಕಿಟಕಿ ತೆರೆದು, ಕನ್ನಡ ಭಾಷಾ ಬೆಂಬಲ ಪೂರ್ತಿ ಇಲ್ಲ ಅಂತ ಎಚ್ಚರಿಸುತ್ತಿತ್ತು. ನಾಳೆ ಹತ್ತು ಜನರ ಮುಂದೆ ಅಪ್ಪನ ಮಾತು ತೊದಲಬಾರದು ಅಂತ ಆಯುಧಪೂಜೆ ದಿನ ಬೆಳಿಗ್ಗೆ ಕಾರ್ಖಾನೆಯ ನೆಟ್‌ನಲ್ಲಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ತಂದಿದ್ದ ಹೊಸ ಪ್ಯಾಕೇಜುಗಳನ್ನು ಕೂಡಿಸಲು ಬಿಟ್ಟೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಕೆಲಸ ಅರ್ಧ ಆಗಿತ್ತು. ಬೂದುಗುಂಬಳಕಾಯಿ, ಹೂವು ತರಲು ಪೇಟೆಗೆ ಹೋದೆ.

ವಾಪಸ್ ಬಂದಾಗ ನಡುಮನೆಯಲ್ಲಿ ಆಯುಧಗಳ ಸಾಲು. ಮಚ್ಚು, ಕುಡುಗೋಲು, ಗುದ್ದಲಿ, ಈಳಿಗೆ ಮಣೆ. ಎಲ್ಲದರ ನಡುವೆ, ಎಲ್ಲಕ್ಕಿಂತ ದೊಡ್ಡ ಸೇವಂತಿಗೆ ಮುಡಿದುಕೊಂಡು, ವಿಭೂತಿ ಕುಂಕುಮ ಬಳಿಸಿಕೊಂಡು ಲ್ಯಾಪ್‌ಟಾಪು. ಅವ್ವ ವೈರನ್ನು ಕಿತ್ತು ಅಚ್ಚುಕಟ್ಟಾಗಿ ಸುತ್ತಿ ಪಕ್ಕದಲ್ಲಿಟ್ಟಿದ್ದಳು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ವೈರು ಕಿತ್ತರೆ ಅಲ್ಲಿಗೇ ಮುಗಿಯಿತು.

"ಯಾಕವ್ವಾ ಕಿತ್ತೆ?"

"ನಿಮ್ಮಪ್ಪನ ನಾಲ್ಗೆ ಕಣೇ ಅದು. ಅದ್ಕೆ ಪೂಜೆ ಮಾಡ್ದೆ ಮಚ್ಚಿಗೆ ಮಾಡ್ಲಾ?"

ಅದನ್ನು ಕಂಡರೆ ಹೆದರುತ್ತಿದ್ದ ಅವ್ವ! ಯಾವ ಬಾಯಲ್ಲಿ ಬೈಯಲಿ? ಎತ್ತಿಕೊಳ್ಳಲು ಬಗ್ಗಿದೆ. ಅವ್ವ ಕೈ ಹಿಡಿದಳು. "ನಾಳೆ ಪೂಜೆ ಆಗೋಗಂಟ ಮುಟ್ಬ್ಯಾಡ. ಪೂಜೆಗಿಟ್ಟ ಆಯ್ದ ಎತ್ತುದ್ರೆ ಮನೆಗೆ ಒಳ್ಳೇದಲ್ಲ." ಅಪ್ಪನ ಮುಖ ನೋಡಿದೆ. ಅವನೂ ಬೇಡ ಅಂತ ಕೈ ಆಡಿಸಿದ. ಆ ದಿನವೆಲ್ಲ ಮನೆಯಲ್ಲಿ ಅಪ್ಪನ ಮಾತಿಲ್ಲ. ಬಾಗಿಲಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮದ ನೀರಿನಲ್ಲಿ ಕೆಂಪಗೆ ಬಿದ್ದಿದ್ದವು. ಅತ್ತ ನೋಡಲು ನನಗೆ ಆಗಲಿಲ್ಲ.

ಮಾರನೇ ದಿನ ಮರುಪೂಜೆ ಮುಗಿಸಿ ಆನ್ ಮಾಡಿದಾಗ ಹೆದರಿದ್ದೇ ಆಗಿತ್ತು. ಪರದೆಯೆಲ್ಲ ಇಂಗ್ಲಿಷು. ಅಪ್ಪ ಟೈಪ್ ಮಾಡಿದರೆ ಅಕ್ಷರದ ಜಾಗದಲ್ಲಿ ಬರೀ ಖಾಲಿ ಚೌಕಗಳ ಸಾಲು. ಒಳಗೆ ಅವನ ಮಾತು ಇದೆ, ನನಗೆ ಗೊತ್ತು. ತೋರಿಸಲು ಫಾಂಟಿಲ್ಲ, ಓದಲು ಕನ್ನಡದ ಧ್ವನಿಯಿಲ್ಲ. ತಂದಿದ್ದ ಫೈಲುಗಳೂ ಕೆಟ್ಟಿದ್ದವು, ಬೇಕಾದ ಪ್ಯಾಕೇಜುಗಳನ್ನು ಮತ್ತೆ ಇಳಿಸಬೇಕು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ತಾರಸಿಯ ಮೂಲೆಯಲ್ಲಿ ಮಾತ್ರ, ಅದೂ ಅದರ ಮನಸ್ಸು ಬಂದರೆ. ಲ್ಯಾಪ್‌ಟಾಪನ್ನು ಅಪ್ಪನ ಮುಂದೆ ಬಿಟ್ಟು, ಫೋನಿಗೇ ಇಳಿಸಿಕೊಂಡು ಬರೋಣವೆಂದು ರೇಷ್ಮೆ ಸೀರೆಯಲ್ಲೇ ಮೇಲಕ್ಕೆ ಓಡಿದೆ.

ಅಷ್ಟರಲ್ಲಿ ಮಳವಳ್ಳಿಯವರ ಕಾರುಗಳು ಬಂದವು. ಫೋನಿನಲ್ಲಿ ನೀಲಿ ಗೆರೆ ಬಸವನಹುಳುವಿನಂತೆ ತೆವಳುತ್ತಿತ್ತು. "ಬಾ ಮಾರಾಯ, ಬಾ" ಅಂತ ಅದಕ್ಕೇ ಕೈಮುಗಿದೆ. ಕೆಳಗೆ ಯಜಮಾನರ ಗಂಟಲು ಕೇಳಿಸಿತು: "ಎಣ್ಣು ಕೊಟ್ಟೇನಪ್ಪಾ?" ಎಲ್ಲ ಸದ್ದಡಗಿತು. ಆ ನಿಶ್ಶಬ್ದದಲ್ಲಿ ಅಪ್ಪನ ಬೆರಳು ಕುಟ್ಟುವುದು ನನಗೆ ಕೇಳಿಸಿದಂತಾಯಿತು. ಆಮೇಲೆ ಲ್ಯಾಪ್‌ಟಾಪು ಬಾಯಿ ಬಿಟ್ಟಿತು. ಕನ್ನಡ ಗೊತ್ತಿಲ್ಲದ ಇಂಗ್ಲಿಷ್ ಧ್ವನಿ, ಒಂದೊಂದು ಅಕ್ಷರಕ್ಕೂ "ಲೆಟರ್" ಅನ್ನುವುದು, ಒಂದು ಅಂಕಿ ಹೇಳುವುದು. ಲೆಟರ್, ಅಂಕಿ. ಲೆಟರ್, ಅಂಕಿ.

"ಮಂಡೀಲಿ ಅರಾಜು ಕೂಗ್ದಂಗೆ ಕೂಗ್ತದಲ್ಲಾ ಇದು!" ಅಂದರು ಯಾರೋ. ಜನ ಬಿದ್ದು ಬಿದ್ದು ನಕ್ಕರು.

ಆಗ ಅಪ್ಪ ಬೆರಳೆತ್ತಿ ಮೇಲಕ್ಕೆ, ನಾನಿದ್ದ ತಾರಸಿಯ ಕಡೆಗೆ ತೋರಿಸಿದನಂತೆ. ಅವ್ವ ಆಮೇಲೆ ಹೇಳಿದ್ದು. ಚಿಕ್ಕಪ್ಪ ಎದ್ದು ನಿಂತು, "ಮೇಲಿರೋನು ನೋಡ್ಕೋತಾನೆ ಅಂತಾವ್ನೆ ನಮ್ಮಣ್ಣ. ಅವನ ಪರವಾಗಿ ನಾನೇ ಯೋಳ್ತೀನಿ" ಅಂದ. "ಕೊಟ್ಟೋ" ಅಂದ. ಮೂರು ಸಲವೂ ಅವನೇ ಅಂದ. ಅಪ್ಪ ನೆಲ ಗುದ್ದಿದನಂತೆ. ಚಿಕ್ಕಪ್ಪ ಆ ಕೈ ಹಿಡಿದು, ಅಣ್ಣನಿಗೆ ಸಂತೋಸ ತಡೆಯೋಕಾಗ್ತಿಲ್ಲ ಅಂದನಂತೆ. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ತಟ್ಟೆ ಬದಲಾಗಿತ್ತು. ಯಾರೋ ನನ್ನ ಬಾಯಿಗೆ ಸಕ್ಕರೆ ಹಾಕಿದರು.

ಊಟ ಮುಗಿದು, ಕಾರುಗಳು ಹೋಗಿ, ಚಿಕ್ಕಪ್ಪ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತ. ನಾನು ಫೋನಿನಿಂದ ಪ್ಯಾಕೇಜುಗಳನ್ನು ಲ್ಯಾಪ್‌ಟಾಪಿಗೆ ಹಾಕಿ, ಒಂದೊಂದನ್ನೇ ಕೂಡಿಸಿ, ಆಫ್ ಮಾಡಿ ಆನ್ ಮಾಡಿದೆ. ಚೌಕಗಳೆಲ್ಲ ಅಕ್ಷರವಾದವು. ಅವನು ಬೆಳಿಗ್ಗೆ ಕುಟ್ಟಿದ್ದು ಹಾಗೇ ಇತ್ತು. ನಾನು ಓದುವುದಕ್ಕೆ ಮೊದಲೇ ಅಪ್ಪ ಕೀಲಿ ಒತ್ತಿದ.

"ನನ್ನ ಕೇಳ್ಬ್ಯಾಡಿ. ಅವಳ್ನ ಕೇಳಿ."

ಅವ್ವ ಅಡುಗೆಮನೆ ಬಾಗಿಲಲ್ಲಿ ತಾಂಬೂಲದ ತಟ್ಟೆ ಹಿಡಿದುಕೊಂಡು ನಿಂತುಬಿಟ್ಟಳು. ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ತಲೆ ಅಲ್ಲಾಡಿಸಿದೆ, ಇಲ್ಲ ಅಂತ. ಅಷ್ಟು ಹೊತ್ತೂ ತಡೆದಿದ್ದ ಅಳು ಬಂದುಬಿಟ್ಟಿತು.

"ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು. ಊರ ಮುಂದೆ ಕೊಟ್ಟ ಮಾತು ಕಣಮ್ಮ" ಅಂತ ಚಿಕ್ಕಪ್ಪ ಜಗಲಿಯಿಂದಲೇ ಕಿರುಚಿದ. "ಅವ್ರು ಎಂಥೋರು ಗೊತ್ತಾ? ಸುಮ್ಕೆ ಬುಡ್ತಾರಾ?"

ಅಪ್ಪ ಕುಟ್ಟಿದ. "ಕೊಟ್ಟೋನು ನೀನು. ನಾನಲ್ಲ. ಗಾಡಿ ತೆಗಿ."

ಚಿಕ್ಕಪ್ಪನ ಕಾರಿನಲ್ಲಿ ಮದ್ದೂರು ದಾಟಿ ಮಳವಳ್ಳಿ ಮುಟ್ಟಿದೆವು. ವಾಪಸ್ ಕೊಡಲು ತಂದ ತಟ್ಟೆ ಅವ್ವನ ತೊಡೆ ಮೇಲೆ, ಲ್ಯಾಪ್‌ಟಾಪು ನನ್ನ ತೊಡೆ ಮೇಲೆ, ಅದರ ಬೆನ್ನಿನ ಕುಂಕುಮ ನನ್ನ ಸೀರೆಗೆ ಹತ್ತಿತ್ತು. ನಮ್ಮನ್ನು ಕಂಡು ಆ ಮನೆಯವರು ಸಂಭ್ರಮದಿಂದಲೇ ಒಳಗೆ ಕರೆದರು. ಅವರ ನಡುಮನೆಯಲ್ಲಿ ಆಯುಧಗಳ ಸಾಲು ಇನ್ನೂ ಹಾಗೇ ಇತ್ತು, ಉದ್ದನೆಯ ಮಚ್ಚುಗಳು, ಹೂ ಬಾಡಿದ್ದವು.

"ಒಂದು ಪ್ಲಗ್ ಪಾಯಿಂಟ್ ಬೇಕಿತ್ತು" ಅಂದೆ.

ಹುಡುಗನ ತಾಯಿ ನಗುತ್ತಾ ಗೋಡೆ ತೋರಿಸಿದರು. ವೈರು ಚುಚ್ಚಿ, ಲ್ಯಾಪ್‌ಟಾಪು ಎದ್ದೇಳುವವರೆಗೆ ನಾವೆಲ್ಲ ಅವರ ಕಾಫಿ ಕುಡಿಯುತ್ತಾ ಕೂತಿದ್ದೆವು. ಹುಡುಗನ ಅಪ್ಪ ಎದುರಿಗೆ ಬಂದು ಕುರ್ಚಿ ಎಳೆದುಕೊಂಡರು. ಅಪ್ಪ ಕೀಲಿ ಒತ್ತಿದ.

"ನನ್ನ ಕೇಳ್ಬ್ಯಾಡಿ. ಅವಳ್ನ ಕೇಳಿ."

ಹುಡುಗನ ಅಪ್ಪನ ನಗು ನಿಂತಿತು. ಮನೆಯವರೆಲ್ಲ ನನ್ನ ಕಡೆ ತಿರುಗಿದರು.

"ನಂಗೆ ಬ್ಯಾಡ" ಅಂದೆ.