ಸಮಾಧಾನಕ್ಕೆ ಮಾಡಿಸಿದ ಸ್ಕ್ಯಾನಿಂಗ್

ನನ್ನ ತಮ್ಮನ ಹೆಂಡತಿ ಸುಂದ್ರಮ್ಮನ ಹೊಟ್ಟೆಯಲ್ಲಿದ್ದ ಮಗು ಚೆನ್ನಾಗಿತ್ತು. ಅದಕ್ಕೆ ತಲೆ ಸರಿಯಾಗಿ ಬೆಳೆದಿಲ್ಲ ಎಂದು ಅವಳಿಗೆ ಹೇಳಿದವಳು ನಾನು. ಸುಳ್ಳು ಹೇಳಿದೆ. ಏಳು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡು ಬಂದೆ — ಅವಳ ಕೈಯ ಊಟ ಉಂಡುಕೊಂಡೇ.

ಆಗ ನಾನಿರುವ ಕೊಳ್ಳೇಗಾಲಕ್ಕೆ ಸ್ಕ್ಯಾನಿಂಗ್ ಮಿಷನ್ ಹೊಸದು. ಸುಂದ್ರಮ್ಮ ಎರಡನೇ ಬಸುರಿ. ಮೊದಲನೆಯದು ಹೆಣ್ಣು, ರತ್ನ. ಆಸ್ಪತ್ರೆಯ ಡಾಕ್ಟರಮ್ಮ ಒಂದು ಸಲ ಸ್ಕ್ಯಾನ್ ಮಾಡಿಸಿ, ಎಲ್ಲ ಸರಿಯಾಗಿದೆ, ಸದ್ಯಕ್ಕೆ ಇನ್ನೊಂದು ಬೇಕಿಲ್ಲ ಎಂದಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮವ್ವನಿಗೆ ಬೇಕಾಗಿದ್ದು ಬೇರೆ. ನನ್ನ ತವರೂರು ಹೊನ್ನೂರಿನಿಂದ ನನ್ನ ಮನೆಗೇ ಬಂದು, "ಈಸಲಾನೂ ಎಣ್ಣೇ ಆದ್ರೆ ಏನವ್ವಾ ಗತಿ? ನೀನು ಪ್ಯಾಟೇಲಿರೋಳು, ಎಂಗಾರ ಮಾಡಿ ತಿಳ್ಕೊ" ಅಂದಳು. ತಮ್ಮ ಮಾದೇಶ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ. ಬೇಡ ಅನ್ನಲಿಲ್ಲ.

ನಾನೇ ಸುಂದ್ರಮ್ಮನನ್ನು ಬೇರೊಂದು ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ.

"ಡಾಕ್ಟ್ರಮ್ಮ ಒಂದೇ ಸಾಕು ಅಂದವ್ರಲ್ಲಕ್ಕಾ, ಮತ್ಯಾಕೆ?" ಎಂದು ಅವಳು ದಾರಿಯಲ್ಲಿ ಕೇಳಿದಳು.

"ನಮ್ ಸಮಾಧಾನಕ್ಕೆ ಕಣವ್ವಾ. ಇನ್ನೊಂದ್ಸಲ ನೋಡುದ್ರೆ ಏನೋದದು?"

ಸಮಾಧಾನ — ಆ ಮಾತನ್ನು ಇವತ್ತು ಯಾರಾದರೂ ಆಡಿದರೆ ನನ್ನ ಬಾಯನ್ನೇ ನಾನು ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಯಾರ ಸಮಾಧಾನ? ಅವಳು ನನ್ನ ಕೈ ಹಿಡಿದುಕೊಂಡು ಆ ಸೆಂಟರಿನ ಮೆಟ್ಟಿಲು ಹತ್ತಿದಳು. ಪರದೆಯ ಮೇಲೆ ಮಗು ಕಾಲಾಡಿಸಿದ್ದನ್ನು ನೋಡಿ ನಕ್ಕಳು. ಅವಳು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಅಲ್ಲಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಬ್ಬ ಲಕ್ಷ್ಮಿ ಕಣಮ್ಮ. ಯೋಚನೆ ಮಾಡಿ" ಎಂದ. ಹೇಳಬಾರದೆಂದು ಅವನಿಗೆ ಗೊತ್ತಿತ್ತು. ಕೇಳಬಾರದೆಂದು ನನಗೂ ಗೊತ್ತಿತ್ತು.

ಹೆಣ್ಣೆಂದು ಹೇಳಿದ್ದರೆ ಸುಂದ್ರಮ್ಮ ಒಪ್ಪುತ್ತಿರಲಿಲ್ಲ. ಅದಕ್ಕೇ ಅವ್ವ ಆ ಸುಳ್ಳನ್ನು ಕಟ್ಟಿದಳು. ಹೇಳುವ ಕೆಲಸ ನನ್ನದಾಯಿತು, ಯಾಕೆಂದರೆ ಅವಳು ನನ್ನನ್ನು ನಂಬುತ್ತಿದ್ದಳು. ತೆಗೆಸುವ ದಿನ ಬೇರೆ ಯಾರೂ ಅವಳೊಂದಿಗೆ ಮಾತಾಡದ ಹಾಗೆ ನಾನೇ ಪಕ್ಕದಲ್ಲಿ ಕಾವಲು ಕೂತೆ. ಜನ ಅದನ್ನು ಆರೈಕೆ ಅಂದರು.

ಆಮೇಲೆ ಅವಳು ತಪ್ಪನ್ನೆಲ್ಲ ತನ್ನ ತಲೆಗೇ ಕಟ್ಟಿಕೊಂಡಳು. ಬಸುರಿನ ಮೊದಲಲ್ಲಿ ತಲೆನೋವಿಗೆಂದು ಒಂದು ಮಾತ್ರೆ ನುಂಗಿದ್ದಳಂತೆ. ಅದರಿಂದಲೇ ಮಗು ಹಾಗಾಯಿತೆಂದು ನಂಬಿದಳು. ಮತ್ತೆ ಅವಳಿಗೆ ಬಸುರು ನಿಲ್ಲಲಿಲ್ಲ. ಅವಳು ಮಾತ್ರೆ ಮುಟ್ಟಲಿಲ್ಲ, ಯಾರಿಗೂ ಕೊಡಲೂ ಇಲ್ಲ. ನಾನು ನೋಡುತ್ತಿದ್ದೆ, ಸುಮ್ಮನಿದ್ದೆ.

ಹೋದ ತಿಂಗಳು ರತ್ನಳಿಗೆ ಜ್ವರ ಏರಿತು. ನಾನು ಹೊನ್ನೂರಿಗೆ ಹೋದಾಗ ಹುಡುಗಿಗೆ ಎಚ್ಚರವೇ ಇರಲಿಲ್ಲ. ತಂದಿದ್ದ ಮಾತ್ರೆಯನ್ನು ಸುಂದ್ರಮ್ಮ ಕೊಟ್ಟಿರಲಿಲ್ಲ. "ಒಂದ್ನ ಮಾತ್ರೆ ನುಂಗಿ ಕಳ್ಕಂಡೆ. ಇದ್ನೂ ಕಳ್ಕಳಕ್ಕಾಗಲ್ಲ ಕಣಕ್ಕಾ" ಎಂದಳು. ಹುಡುಗಿಯನ್ನು ಆಟೋದಲ್ಲಿ ಯಳಂದೂರಿಗೆ ಸಾಗಿಸಿದೆವು. ಬದುಕಿಕೊಂಡಳು. ನನ್ನ ಸುಳ್ಳು ಎರಡನೇ ಮಗುವನ್ನೂ ತಿನ್ನುವುದರಲ್ಲಿತ್ತು.

ರತ್ನ ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಎಲ್ಲ ಹೇಳಿದೆ. ಸುಂದ್ರಮ್ಮ ಅಳಲಿಲ್ಲ.

"ಚೆನ್ನಾಗಿತ್ತಾ ಮಗು?"

"ಚೆನ್ನಾಗಿತ್ತು."

"ಅವ್ರ್ಗೂ ಗೊತ್ತಿತ್ತಾ?"

ಗಂಡನ ವಿಷಯ ಕೇಳುತ್ತಿದ್ದಾಳೆಂದು ತಿಳಿಯಿತು. ಗೊತ್ತಿತ್ತು ಎಂದೆ. ಅವಳು ಎದ್ದು ಒಳಗೆ ಹೋಗಿ, ಮಗಳಿಗೆ ಚಪ್ಪಲಿ ಹಾಕಿಸಿ, ತವರಿಗೆಂದು ಹೊರಟೇಬಿಟ್ಟಳು. ಏಳು ವರ್ಷ ಅವಳ ಮಗ್ಗುಲಲ್ಲಿ ಮಲಗಿ ಎದ್ದ ಗಂಡಸು ಬಾಗಿಲಲ್ಲಿ ನಿಂತು ನೋಡಿದ.

ಮರುದಿನ ಅವನು ನನ್ನ ಮನೆಗೆ ಬಂದು ಕೂಗಾಡಿದ: "ಸುಮ್ನಿರಕ್ಕೆ ಏನಾಗಿತ್ತು ನಿಂಗೆ? ನನ್ ಸಂಸಾರ ಮುರುದ್ಯಲ್ಲ." ಸಂಸಾರವಂತೆ. ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ — ಆದರೆ ಆ ಮೆಟ್ಟಿಲು ಹತ್ತಿಸಿದವಳು ನಾನು. ಅವ್ವ ತೀರಿಕೊಂಡಿದ್ದಾಳೆ, ಅವಳ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಹಾಕುವುದಿಲ್ಲ.

ಈಗ ಮಾದೇಶ, ಹೆಂಡತಿಗೆ ತಲೆ ಕೆಟ್ಟಿದೆ, ಇಲ್ಲದ್ದು ಹೇಳುತ್ತಾಳೆ ಎಂದು ಊರಲ್ಲಿ ಸಾರುತ್ತಿದ್ದಾನೆ. ಸುಂದ್ರಮ್ಮನ ಅಣ್ಣ ಹೇಳಿ ಕಳಿಸಿದ್ದಾನೆ — ಸೋಮವಾರ ಅವರ ಊರು ಬಂಡಳ್ಳಿಯಲ್ಲಿ ಎರಡೂ ಕಡೆಯವರು ಸೇರುತ್ತಾರೆ, ನಾನು ಅಲ್ಲಿಗೆ ಬಂದು ನಡೆದದ್ದನ್ನು ಹೇಳಬೇಕಂತೆ. ಹೋಗುತ್ತೇನೆ. ತಮ್ಮನ ಎದುರಿಗೇ, ಎಲ್ಲರೂ ಕೇಳುವಂತೆ ಹೇಳುತ್ತೇನೆ. ಹೇಳಿದ ಮೇಲೆ ಸುಂದ್ರಮ್ಮ ನನ್ನನ್ನು ಒಳಗೆ ಬಾ ಎಂದು ಕರೆಯುವುದಿಲ್ಲ. ಕರೆಯಲೂ ಬಾರದು.