ಹನಗೋಡಿನ ಹೆರಿಗೆಯ ಪಟ್ಟಿ

ಅಂದು ಎಂದಿನಂತೆ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ಮೈಸೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವ ಪ್ರೊಫೆಸರರೊಬ್ಬರು ಶಾಲೆಯ ಬಾಗಿಲಿಗೆ ಬಂದು ನಿಂತರು. ಹನಗೋಡಿಗೆ ತರಬೇತಿ ಪಡೆದ ಒಬ್ಬ ಸೂಲಗಿತ್ತಿಯನ್ನು ಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಬರೆಯಬೇಕು, ಅದಕ್ಕೆ ಯಾವ ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂಬುದು ಬೇಕು ಅಂದರು. ಶಾಲೆ ಬಿಟ್ಟ ಮೇಲೆ ನಾನು ಕಾಗದ ಹಿಡಿದು ಅವರ ಜೊತೆ ಹೊರಟೆ.

ಮೊದಲ ಮನೆಯಲ್ಲಿ ಸೊಸೆ ಹೊರಗೆ ಬರಲಿಲ್ಲ. ಅತ್ತೆ ಪುಟ್ಟಮ್ಮನೇ ಮಾತಿಗೆ ನಿಂತಳು.

“ಮೊಮ್ಮಕ್ಕಳು ಎಷ್ಟಮ್ಮ?” ಎಂದೆ.

“ಒಂದೋ ಎರಡೋ ಅವೆ, ಬುಡಿ ಮೇಷ್ಟ್ರೇ.”

ಆ ಮನೆಯ ಮೂವರು ನನ್ನ ಶಾಲೆಗೇ ಬರುತ್ತಿದ್ದರು. ಅದನ್ನು ಹೇಳಿದೆ. ಮುದುಕಿ ರೇಗಿದಳು. “ಮಕ್ಕಳ್ನ ಯಾರಾರ ಎಣಿಸ್ತಾರಾ? ದೃಷ್ಟಿ ಆಯ್ತದೆ. ಮೇಷ್ಟ್ರಾಗಿ ಅಷ್ಟೂ ಗೊತ್ತಿಲ್ವಾ?”

ಪ್ರೊಫೆಸರರು ನನ್ನ ಕೈಯ ಕಾಗದವನ್ನು ಮೆಲ್ಲಗೆ ಮಡಿಸಿ ಜಗಲಿಯ ಮೇಲೆ ಕೂತರು. “ಅದಿರ್ಲಿ ತಾಯಿ. ಸೊಸೆಗೆ ಬಾಣಂತನ ಎಷ್ಟು ಸಲ ಮಾಡಿದ್ರಿ?”

“ಏಳು ಸಲ ಕಣಪ್ಪ! ಒಂದಕ್ಕೂ ತವರಿಗೆ ಕಳಿಸ್ಲಿಲ್ಲ ನಾನು.”

“ಈಗ ಮಕ್ಕಳಿಗೆ ಅಂತ ಎಷ್ಟು ಮುದ್ದೆ ಕಟ್ತೀರಿ?”

“ನಾಕು,” ಎಂದವಳು ಸೊಸೆಯಿದ್ದ ಒಳಮನೆಯ ಕಡೆ ನೋಡಿದಳು. ಆಮೇಲೆ, “ಆ ಸೂಲಗಿತ್ತಿ ಬೇಗ ಬರ್ಲಿ ಕಣಪ್ಪ,” ಅಂದಳು.

ಉಳಿದ ಮನೆಗಳಲ್ಲಿ ನಾನೂ ಹಾಗೆಯೇ ಕೇಳಿದೆ. ಯಾರೂ ರೇಗಲಿಲ್ಲ, ಮಜ್ಜಿಗೆ ಕೊಟ್ಟು ಕೂರಿಸಿ ಹೇಳಿದರು. ಮರುವರ್ಷ ಸೂಲಗಿತ್ತಿ ಬಂದಳು. ಅವಳು ಮಾಡಿಸಿದ ಮೊದಲ ಹೆರಿಗೆಯ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ಪಟ್ಟಿಯ ಕೊನೆಯ ಸಾಲನ್ನು ನಾನು ಯಾರನ್ನೂ ಕೇಳದೆ ಬರೆದಿದ್ದೆ. ಮೇಷ್ಟ್ರ ಮನೆ: ಹೆರಿಗೆ ಒಂದು, ಮಗು ಇಲ್ಲ, ತಾಯಿಯೂ ಇಲ್ಲ.